ಅಂಚೆ ಡಬ್ಬದೊಳಗಿನ ಜೇನು

ತೊಡೆಯ ಮೇಲೆ ಮತ್ತೆ ಗುಂಯ್ ಅಂದಿತು, ಫೋನಲ್ಲ, ಫೋನು ಅಲ್ಲಿಲ್ಲ, ಅದನ್ನು ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟು ಅವನನ್ನು ಹತ್ತು ಹೆಜ್ಜೆ ಆಚೆ ನಿಲ್ಲಿಸಿ ಬಂದಿದ್ದಾಳೆ, ಆದರೆ ತೊಡೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಎಂಟು ತಿಂಗಳಿಂದ ಆ ಜೇಬಿನ ಸದ್ದಿಗೆ ಬೆಚ್ಚಿ ಬೆಚ್ಚಿ ಅಲ್ಲಿಯ ಚರ್ಮಕ್ಕೂ ನೆಮ್ಮದಿ ಹೋಗಿದೆ — ಈಗ ಗುಂಯ್ ಅನ್ನುತ್ತಿರುವುದು ಎದುರಿಗಿನ ಅಂಚೆ ಡಬ್ಬ, ಅಂಚೆ ಕಚೇರಿಯ ಗೋಡೆಗೆ ಒರಗಿ ನಿಂತ ಆಳೆತ್ತರದ ಕೆಂಪು ಡಬ್ಬ, ಅದರ ಕಬ್ಬಿಣದ ಬಾಗಿಲು ತೆರೆದಿದೆ, ಒಳಗೆ ಮೇಲಿನಿಂದ ಜೇನಿನ ಹಿಂಡು ಜೋತುಬಿದ್ದಿದೆ, ತುಂಬಿದ ಕೈಚೀಲದಷ್ಟು, ಮೇಲ್ಮೈ ಮಾತ್ರ ಸಣ್ಣಗೆ ಕುದಿಯುವ ಹಾಗೆ ಮಿಸುಕುತ್ತಿದೆ. ಕುದಿಯುವ ಹಾಗೆ. ಪಾಕ. ಒಲೆ ಆರಿಸಿದೆನಾ? ಬೆಳಿಗ್ಗೆ ಹಿತ್ತಿಲಿನ ಜೇನುಪೆಟ್ಟಿಗೆಯ ಹುಳುಗಳಿಗೆಂದು ಸಕ್ಕರೆ ಪಾಕ ಕಾಯಿಸಲು ಇಟ್ಟಿದ್ದಳು, ಹೂವಿಲ್ಲದ ತಿಂಗಳು, ಪಾಕ ಇಡದಿದ್ದರೆ ಉಳಿದ ಎರಡು ಪೆಟ್ಟಿಗೆಯೂ ಖಾಲಿಯಾಗುತ್ತವೆ, ಚಮಚ ಆಡಿಸುತ್ತಿದ್ದದ್ದು ನೆನಪಿದೆ, ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ಬೈಕು ನಿಲ್ಲಿಸಿ ಅಕ್ಕಾ ಬೇಗ ಬನ್ನಿ, ಮೇಡಂ ಔಷಧಿ ಹೊಡೆಯೋರಿಗೆ ಹೇಳಿಬಿಟ್ಟಿದಾರೆ, ಹನ್ನೊಂದಕ್ಕೆ ಬರ್ತಾರೆ ಅಂದದ್ದು ನೆನಪಿದೆ, ಚಪ್ಪಲಿ ಮೆಟ್ಟಿದ್ದು, ಖಾಲಿ ಪೆಟ್ಟಿಗೆ ಕಂಕುಳಲ್ಲಿ ಇರುಕಿದ್ದು ನೆನಪಿದೆ, ಚಮಚಕ್ಕೂ ಚಪ್ಪಲಿಗೂ ನಡುವೆ ಏನೂ ಇಲ್ಲ, ಬಟ್ಟೆಯಲ್ಲಿ ಇಲಿ ಕಡಿದ ಹಾಗೆ ಅಷ್ಟು ಜಾಗ ತೂತು. ಮನೆಯಲ್ಲಿ ಅತ್ತೆ ಒಬ್ಬರೇ. ಗಂಡನ ಮಿಲ್ಲಿನ ಪಾಳಿ ಮುಗಿಯುವುದು ಎರಡಕ್ಕೆ. ಈಗ ಹತ್ತೂವರೆ ದಾಟಿದೆ, ಕಿಟಕಿಯ ಆಚೆ ಅಂಚೆ ಮೇಡಂ ಸೆರಗು ಮೂಗಿಗೆ ಒತ್ತಿಕೊಂಡು, ಜೇನಕ್ಕ, ಆಗುತ್ತೋ ಇಲ್ಲವೋ ಈಗಲೇ ಹೇಳಿಬಿಡಮ್ಮ, ಮೂರು ದಿನದಿಂದ ಒಂದು ಕಾಗದ ಹೊರಗೆ ಬಂದಿಲ್ಲ. ಆಗುತ್ತೆ ಮೇಡಂ. ಆಗುತ್ತೆ ಅಂದದ್ದು ಬಾಯಿ, ಕೈಯನ್ನು ಯಾರೂ ಕೇಳಲಿಲ್ಲ.

ಕೈಯನ್ನು ಕೇಳಿದರೆ ಅದು ಹೋದ ವಾರದ ಕಥೆ ಹೇಳುತ್ತದೆ. ಹಿತ್ತಿಲಲ್ಲಿ ಮೂರನೆಯ ಪೆಟ್ಟಿಗೆಯಿಂದ ಮೇಣದ ಎರಿಯ ಚೌಕಟ್ಟು ಎತ್ತಿ ಹಿಡಿದಿದ್ದಳು, ಎರಡೂ ಕಡೆ ಹುಳು ತುಂಬಿ ಭಾರವಾಗಿತ್ತು, ಜೇಬಿನಲ್ಲಿ ಗುಂಯ್ ಅಂದಿತು, ಅಷ್ಟೇ, ಚೌಕಟ್ಟು ಕೈಜಾರಿ ಕಲ್ಲಿನ ಮೇಲೆ — ಬೇಲಿಯಾಚೆ ಬಟ್ಟೆ ಹೊಲಿಯುತ್ತಿದ್ದ ಟೈಲರಮ್ಮನಿಗೆ ಏಳು ಕಡೆ ಚುಚ್ಚಿತು, ಅವತ್ತಿನಿಂದ ಆಕೆ ಮಾತು ಬಿಟ್ಟಿದ್ದಾಳೆ, ಬಾತ ತುಟಿ ಇಳಿದ ಮೇಲೂ ಬಿಟ್ಟಿದ್ದಾಳೆ, ಇಲ್ಲದಿದ್ದರೆ ಈಗ ಒಂದು ಫೋನ್ ಮಾಡಿ ನಮ್ಮನೆ ಒಲೆ ಸ್ವಲ್ಪ ನೋಡು ತಾಯಿ ಅನ್ನಬಹುದಿತ್ತು. ಫೋನಿನಲ್ಲಿ ಇದ್ದದ್ದೂ ಏನು, ಯಾರೋ ತಪ್ಪು ನಂಬರು. ಮರುದಿನ ಆ ಪೆಟ್ಟಿಗೆಯ ಹುಳು ಅಷ್ಟೂ ಎದ್ದು ಹೋದವು, ಮೂರು ದಿನದ ಹಿಂದೆ ಅಂಚೆ ಡಬ್ಬದಲ್ಲಿ ಜೇನು ಅಂತ ಸುದ್ದಿ, ಅವೇ ಇರಬಹುದು, ಅವೇ, ಅವಳನ್ನು ಬಿಟ್ಟು ಇಲ್ಲಿಗೆ ಬಂದು ಕೂತಿವೆ. ಮೈದುನ ಅಂದ, ಅತ್ತಿಗೆ, ಪೆಟ್ಟಿಗೆ ಕೊಟ್ಟುಬಿಡಿ, ಕೈ ಹೋದ ಮೇಲೆ ಯಾಕೆ ಆ ಸಹವಾಸ. ಕೈ ಹೋಯಿತು ಅಂತ ಊರೇ ಅನ್ನಲಿ, ಇವತ್ತು ಓಡಿದರೆ ತಾನೂ ಅನ್ನುತ್ತಾಳೆ, ಆಮೇಲೆ ಈ ಜನ್ಮದಲ್ಲಿ ಮುಚ್ಚಳ ಎತ್ತುವುದಿಲ್ಲ. ಓಡಿಬಿಡಲಾ? ಬೈಕಿನಲ್ಲಿ ಹದಿನೈದು ನಿಮಿಷ, ಬರುವಷ್ಟರಲ್ಲಿ ಇವು ನೆಲದ ಮೇಲೆ ಹೊಟ್ಟಿನ ಹಾಗೆ ಸತ್ತು ಬಿದ್ದಿರುತ್ತವೆ. ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಗೆ ತಂತಿ ಅಂಟಿಸಿ ಪಟ್ಟಿ ತೆಗೆದು, ಹೃದಯಕ್ಕೇನೂ ಆಗಿಲ್ಲ, ಕಲ್ಲುಗುಂಡು ಇದ್ದ ಹಾಗಿದೆ, ಇದು ಒತ್ತಡ, ಮನೆಯಿಂದ ಹೊರಡುವಾಗ ಎಷ್ಟು ಸಲ ಒಲೆ ನೋಡ್ತೀರಿ? ಮೂರು. ಗೇಟಿನಿಂದ ವಾಪಸು ಹೋಗಿ? ಹೂಂ. ಇನ್ನು ಮೇಲೆ ಒಂದೇ ಸಲ, ಗೇಟು ದಾಟಿದ ಮೇಲೆ ತಿರುಗಬೇಡಿ, ಆ ಅಭ್ಯಾಸಕ್ಕೆ ನೀವು ಅನ್ನ ಹಾಕಿದಷ್ಟೂ ಅದು ಬೆಳೆಯುತ್ತೆ. ಇವತ್ತೇ ಮೊದಲನೆ ದಿನ, ತಿರುಗದೆ ಬಂದದ್ದು. ಡಾಕ್ಟರಮ್ಮನಿಗೇನು, ಅವರ ಅಡುಗೆಮನೆಯಲ್ಲಿ ಅತ್ತೆ ಇರಲಿಲ್ಲವಲ್ಲ, ಎಂಟು ತಿಂಗಳ ಹಿಂದೆ, ಸಂಜೆ, ಬಾಗಿಲು ತೆರೆದರೆ ಮೂಗಿಗೆ ರಪ್ಪನೆ ಗ್ಯಾಸು, ಅತ್ತೆ ಒಲೆಯ ಮುಂದೆ ನಿಂತಿದ್ದರು, ಬೆಂಕಿಯಿಲ್ಲ, ಸೊಟ್ಟಗಾದ ಮೂರು ಬೆರಳು ಕರಿ ನಾಬಿನ ಮೇಲೆ, ಆರಿಸುವುದು ಬಲಕ್ಕೆ, ಅವರು ಎಡಕ್ಕೆ, ಇನ್ನೂ ಎಡಕ್ಕೆ ತಿರುಗಿಸುತ್ತ, ಹಿಂದಿರುಗಿ ನೋಡಿ ಮುಗುಳ್ನಗುತ್ತ, ಹುಡುಗೀ, ಬೆಂಕಿಪೊಟ್ಟಣ ಎಲ್ಲಿಟ್ಟೆ? ಹೆಸರು ಮರೆತುಹೋಗಿ ಹುಡುಗಿ ಅನ್ನುವುದು ಆಗಲೇ ಶುರುವಾಗಿತ್ತು, ನಲವತ್ತಾರು ವರ್ಷದ ಹುಡುಗಿ. ಒಂದು ಕಡ್ಡಿ ಗೀರಿದ್ದರೆ. ಅವತ್ತಿನಿಂದ ಫೋನು ಗುಂಯ್ ಅಂದರೆ ಮನೆಗೆ ಬೆಂಕಿ ಬಿದ್ದ ಸುದ್ದಿಯೇ, ನಿದ್ದೆಯಲ್ಲೂ ಒಂದು ಕಿವಿ ಅಡುಗೆಮನೆಯಲ್ಲಿ, ಕಣ್ಣು ಮುಚ್ಚಿದರೆ ಆ ಬೆರಳು, ಆ ನಾಬ್, ಎಡಕ್ಕೆ.

ಕೈ ಒಳಗೆ ಹೋಗುತ್ತಿದೆ, ಅವಳು ಕಳಿಸಿದಳೋ ತಾನೇ ಹೊರಟಿತೋ, ಬರಿಗೈ, ಮೊಣಕೈವರೆಗೆ ತೋಳು ಮಡಿಸಿದ್ದಾಳೆ, ಮುಖಕ್ಕೆ ಮಾತ್ರ ಬಲೆ. ಕೆಳಗೆ ರಾಶಿಬಿದ್ದ ಕಾಗದಗಳನ್ನು ಮೊದಲು ಒಂದೊಂದಾಗಿ ಈಚೆ ಎಳೆದಿದ್ದಳು, ಒಂದು ಮಾತ್ರ ಬರಲಿಲ್ಲ, ಬಿಳಿ ಎರಿ ಅದರ ಮೂಲೆಗೆ ಅಂಟಿಕೊಂಡು ಬೆಳೆದಿತ್ತು, ಯಾರದೋ ವಿಳಾಸದ ಮೇಲೆ ಮೇಣದ ಗೋಡೆ. ಪೋಸ್ಟ್‌ಮ್ಯಾನ್ ದೂರದಿಂದಲೇ, ಅದನ್ನ ಹಾಗೇ ಕೊಡಿ ಅಕ್ಕಾ, ತಲುಪಿಸಿದವನಿಗೂ ಒಂದು ಚೂರು ಸಿಹಿ ಬೇಡವಾ. ಸುಮ್ಮನಿರು ಮಾರಾಯ, ನಗಿಸಬೇಡ. ಅಪ್ಪ ಹೇಳುತ್ತಿದ್ದ, ಜೇನಿಗೆ ಕಣ್ಣಿಗಿಂತ ಮೂಗು ಜಾಸ್ತಿ, ಹೆದರಿದವರ ಬೆವರು ಅದಕ್ಕೆ ಬೇರೆ ವಾಸನೆ, ಉಸಿರು ಮಾತ್ರ ಅದರ ಮೇಲೆ ಬಿಡಬೇಡ, ಕರಡಿ ಬಂತು ಅಂದ್ಕೊಳ್ಳತ್ತೆ. ಡಾಕ್ಟರಮ್ಮ ಹೇಳಿದ್ದು ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ಹೊರಗೆ ಎಲ್ಲಿಗೆ ಅಂತ ಅವರು ಹೇಳಲಿಲ್ಲ, ಆದ್ದರಿಂದ ಅವಳು ನಾಲ್ಕು ಎಣಿಸಿ ಎಳೆದು, ಕತ್ತು ಎಡಭುಜಕ್ಕೆ ತಿರುಗಿಸಿ ಆರು ಎಣಿಸಿ ಬಿಡುತ್ತಾಳೆ, ಕಿಟಕಿಯಲ್ಲಿ ಮೇಡಂ ಇದ್ಯಾವ ಮಂತ್ರ ಅನ್ನುವ ಹಾಗೆ ನೋಡುತ್ತಾರೆ. ಒಂದು ಎರಡು ಮೂರು, ಪಾತ್ರೆ ತಳ ಹಿಡಿದಿರುತ್ತದೆ, ನಾಲ್ಕು, ಮೊದಲು ಕೆಂಪು, ಆಮೇಲೆ ಕರಿ, ಹೊಗೆ, ಹೊಗೆಗೆ ಅತ್ತೆ ಎದ್ದು ಬರುತ್ತಾರೆ, ಸೀರೆಯ ಸೆರಗು ಜೋಲುಬಿದ್ದಿರುತ್ತದೆ, ಪಿನ್ನು ಹಾಕಿದೆನಾ ಇವತ್ತು — ಕತ್ತು ತಿರುಗಿಸು, ಬಿಡು, ಒಂದು ಎರಡು. ಬೊಗಸೆ ಹಿಂಡಿನ ಕೆಳಗೆ ಬಂತು, ಬೆಚ್ಚಗಿದೆ, ಕರುವಿನ ಮೂತಿಯ ಹಾಗೆ ಬೆಚ್ಚಗೆ, ಸಾವಿರ ಕಾಲು ಬೆರಳ ಸಂದಿಗೆ ಇಳಿಯುತ್ತಿವೆ, ಮೆಲ್ಲಗೆ, ನೀರು ತುಂಬಿದ ತಟ್ಟೆ ಎತ್ತುವ ಹಾಗೆ ಎತ್ತು, ಅಪ್ಪ, ಕೈ ನಡುಗುತ್ತಿಲ್ಲ ನೋಡು, ಒಳಗೆ ಇಡೀ ನಾನು ನಡುಗುತ್ತಿದ್ದೇನೆ. ರಾಣಿ ಕಾಣುತ್ತಿಲ್ಲ. ರಾಣಿ ಪೆಟ್ಟಿಗೆಗೆ ಇಳಿಯದಿದ್ದರೆ ಉಳಿದವು ಇಳಿಯುವುದಿಲ್ಲ, ಇಳಿದವೂ ಎದ್ದು ಬರುತ್ತವೆ. ಬೀದಿಯ ಕೊನೆಯಲ್ಲಿ ಯಾವುದೋ ಗಾಡಿ ನಿಂತಿತು, ಔಷಧಿ ಹೊಡೆಯೋರೇನಾ, ಅಲ್ಲ, ಗ್ಯಾಸಿನ ಗಾಡಿ, ಗ್ಯಾಸಿನ ಗಾಡಿಯೇ ಆಗಬೇಕಿತ್ತಾ ಇವತ್ತು.

ತೊಡೆಯ ಮೇಲೆ ಗುಂಯ್. ಇಲ್ಲ, ಸುಳ್ಳು, ಅದು ಅಲ್ಲಿಲ್ಲ. ಅಕ್ಕಾ, ಫೋನು. ಈ ಸಲ ನಿಜ, ಪೋಸ್ಟ್‌ಮ್ಯಾನ್ ಅಂಗೈಯಲ್ಲಿ ಅದು ಕುಣಿಯುತ್ತಿದೆ, ಮನೆ ಅಂತ ಬರ್ತಿದೆ ಅಕ್ಕಾ. ಮನೆ. ಮನೆಯ ಫೋನು ಅತ್ತೆ ಮುಟ್ಟುವುದಿಲ್ಲ, ಅದರೊಳಗೆ ಯಾರೋ ಸಿಕ್ಕಿಕೊಂಡಿದಾರೆ ಪಾಪ ಅನ್ನುತ್ತಾರೆ, ಬೆಳಿಗ್ಗೆ ದಾರಿಯಲ್ಲಿ ಮೂರು ಸಲ ಮಾಡಿದರೂ ಎತ್ತಿರಲಿಲ್ಲ, ಹಾಗಾದರೆ ಯಾರು, ಮನೆಯೊಳಗೆ ಯಾರು, ಬೆಂಕಿ ಆರಿಸಲು ಬಂದವರು, ಹೆಣ ಎತ್ತಲು ಬಂದವರು — ಪೆಟ್ಟಿಗೆಯ ಅಂಚಿಗೆ ತಂದ ಬೊಗಸೆಯಲ್ಲಿ ಹುಳು ತುಂಬಿದೆ, ಮಣಿಕಟ್ಟಿನವರೆಗೆ ಕೈಯೇ ಕಾಣುತ್ತಿಲ್ಲ, ಕೈ ಕೊಡವಿದರೆ ಹೋದ ವಾರದ್ದೇ ಮತ್ತೆ, ಈ ಸಲ ಬೀದಿ ತುಂಬ. ಎತ್ತು, ಅಂದಳು, ಸ್ಪೀಕರ್ ಹಾಕು. ಕರಕರ ಸದ್ದು, ಆಮೇಲೆ ಟೈಲರಮ್ಮನ ದನಿ, ಹಿಡ್ಕೊಳ್ಳಿ ಅಜ್ಜಿ, ಇಲ್ಲಿ ಮಾತಾಡಿ, ಅದು ಕಚ್ಚಲ್ಲ, ಆಮೇಲೆ ಒಂದು ಉಸಿರು, ಆಮೇಲೆ ಅತ್ತೆ. ಹುಡುಗೀ. ಇದೀಯೇನೇ? ಒಲೆ ಆರಿಸಿದೀನಿ. ನೀನು ಹಾಗೇ ಬಿಟ್ಟು ಹೋಗಿದ್ದೆ. ಪಾತ್ರೆ ಕರಿಕಾಗಿದೆ, ನೀರು ಹಾಕಿ ನೆನೆಸಿದೀನಿ. ಈಕೆಯನ್ನ ನಾನೇ ಕರ್ಕೊಂಡು ಬಂದೆ, ಇದನ್ನ ಒತ್ತಿಕೊಡು ಅಂತ. ಇತ್ತೀಚೆಗೆ ನಿನಗೆ ಮರೆವು ಜಾಸ್ತಿ ಆಯ್ತು ಕಣೇ, ಯಾರಾದರೂ ಡಾಕ್ಟರಿಗೆ ತೋರಿಸು. ಪೋಸ್ಟ್‌ಮ್ಯಾನ್ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡ. ಬಿಟ್ಟು ಹೋಗಿದ್ದೆ. ನಾನೇ. ತಿರುಗಿ ನೋಡದೆ ಬಂದ ಒಂದೇ ಒಂದು ದಿನ ನಿಜವಾಗಿಯೂ ಉರಿಯುತ್ತಿತ್ತು, ಇದನ್ನು ಡಾಕ್ಟರಮ್ಮನಿಗೆ ಹೇಗೆ ಹೇಳುವುದು, ಹೇಳಿದರೆ ನಾಳೆಯಿಂದ ಮೂರು ಸಲವೋ ಮೂವತ್ತು ಸಲವೋ, ಹೊಗೆಗೆ ಅತ್ತೆ ಎದ್ದು ಬಂದರು, ಅದು ಸರಿ, ಅಷ್ಟು ಸರಿ, ಎಂಟು ತಿಂಗಳಿಂದ ಕಣ್ಣು ಮುಚ್ಚಿದರೆ ಕಂಡದ್ದೇ, ಒಲೆಯ ಮುಂದೆ ನಿಂತರು, ಸೆರಗು, ಪಿನ್ನು ಇತ್ತೋ ಇಲ್ಲವೋ, ಕೈ ಚಾಚಿದರು — ಬೆರಳಿನ ಬುಡದಲ್ಲಿ ಏನೋ ಉದ್ದನೆಯದು ಹರಿದಾಡಿತು, ಉಳಿದವು ದಾರಿ ಬಿಟ್ಟವು, ಕಪ್ಪಗೆ, ನೀಳವಾಗಿ, ಅವಸರವಿಲ್ಲದೆ ರಾಣಿ ಹೆಬ್ಬೆರಳು ದಾಟಿ ಪೆಟ್ಟಿಗೆಯ ಅಂಚಿಗೆ ಇಳಿದು ಒಳಗೆ ಹೋಯಿತು, ಅದರ ಹಿಂದೆ ಒಂದು, ಹತ್ತು, ಎಲ್ಲ, ಬೊಗಸೆ ಹಗುರವಾಗುತ್ತಿದೆ, ಕಿಟಕಿಯಲ್ಲಿ ಮೇಡಂ ಸೆರಗು ಮೂಗಿನಿಂದ ತೆಗೆದಿದ್ದಾರೆ, ಅಕ್ಕಾ, ಅಜ್ಜಿ ಇನ್ನೂ ಲೈನಲ್ಲಿದಾರೆ, ಏನಾದರೂ ಹೇಳಿ, ಒಂದು ಎರಡು ಮೂರು, ಕತ್ತು ತಿರುಗಿಸುವುದು ಮರೆತುಹೋಯಿತು, ಕೈ ಚಾಚಿದರು, ಸೊಟ್ಟಗಾದ ಮೂರು ಬೆರಳು, ಕರಿ ನಾಬ್, ಮೂರು ಬೆರಳು, ಬಲಕ್ಕೆ — ಬಲಕ್ಕೆ