ಬಗ್ಗಿ ನೋಡುವ ಕ್ಯಾಮೆರಾ

ಕುತ್ತಿಗೆ ಎಂಬುದೊಂದು ತನಗಿದೆ ಎಂದು ಮನುಷ್ಯನಿಗೆ ತಿಳಿಯುವುದು ಅದು ಕೈಕೊಟ್ಟ ಮೇಲೆಯೇ. ತೀರ್ಥಹಳ್ಳಿಯ ಫೋಟೊಗ್ರಾಫರ್ ಶ್ರೇಯಾಂಸನಿಗೆ ಅದು ತಿಳಿದದ್ದು ಎಂಬತ್ತೊಂದನೇ ಇಸವಿಯಲ್ಲಿ, ಮದುವೆಗಳ ಕಾಲ ಶುರುವಾಗುವ ಹೊತ್ತಿಗೆ. ಪ್ರಾಯವಿಡೀ ಅವನು ಎರಡು ಕಣ್ಣಿನ ಕ್ಯಾಮೆರಾವನ್ನು ಹೊಟ್ಟೆಯ ಮುಂದೆ ಹಿಡಿದು, ತಲೆ ಬಗ್ಗಿಸಿ, ಅದರ ನೆತ್ತಿಯ ಗಾಜಿನಲ್ಲಿ ಊರವರ ಮುಖ ನೋಡುತ್ತ ಬಂದಿದ್ದ. ಈಗ ಬಗ್ಗಿಸಿದ ತಲೆ ಎತ್ತಲು ಹೋದರೆ ಬಲಗೈ ಹೆಗಲಿಂದ ಬೆರಳಿನ ತನಕ ಜೋಮು ಹಿಡಿಯುತ್ತಿತ್ತು. ಶಿವಮೊಗ್ಗದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ತಲೆ ಬಗ್ಗಿಸೋ ಕೆಲಸ ಬಿಡಿ. ಇಲ್ಲದಿದ್ರೆ ಈ ಕೈ ನಿಮ್ದಲ್ಲ ಅಂದ್ಕೊಳ್ಳಿ" ಅಂದಿದ್ದರು. ಹೇಳುವವರಿಗೇನು, ಹೇಳಿ ಮುಂದಿನವರನ್ನು ಒಳಗೆ ಕರೆಯುತ್ತಾರೆ.

ಕ್ಯಾಮೆರಾಕ್ಕೂ ವಯಸ್ಸಾಗಿತ್ತು. ಫಿಲ್ಮು ಸರಿಯಾಗಿ ಮುಂದೆ ಸರಿಯದೆ ಒಂದು ಚಿತ್ರದ ಮೇಲೆ ಇನ್ನೊಂದು ಹತ್ತಿ ಕೂರುತ್ತಿತ್ತು. ಕೋಣಂದೂರಿನ ಮದುವೆಯೊಂದರಲ್ಲಿ ಮಾವನ ಮೀಸೆ ಮದುಮಗಳ ಜಡೆಯ ಮೇಲೆ ಬಂದು, ಎರಡು ಮನೆಯವರೂ ಒಟ್ಟಾಗಿ ಅವನನ್ನು ಬೈದಿದ್ದರು. ಎಲ್ಲರೂ ಕೊಳ್ಳುತ್ತಿದ್ದ ಸಣ್ಣ ಫಿಲ್ಮಿನ ಕ್ಯಾಮೆರಾ ಅವನಿಗೆ ಬೇಡ. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟು ಮಾಡಿದರೆ ಅದರಲ್ಲಿ ಮುಖವೆಲ್ಲ ರವೆ ರವೆ. ಅಲ್ಲದೆ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಸಿಡುಬಿನ ಕಲೆ, ಮೊಡವೆ ಮುಚ್ಚುವ ಕೆಲಸ ಅವನ ಹೆಂಡತಿ ಜ್ವಾಲಾಮಾಲಿನಿಯದು. ಅಂಚೆಚೀಟಿಯಂಥ ನೆಗೆಟಿವ್ ಕೊಟ್ಟರೆ ಅವಳು ಪೆನ್ಸಿಲ್ ಊರುವುದೆಲ್ಲಿ?

ಹಾಗಾಗಿ ಅವನು ಸಾಗರಕ್ಕೆ ಹೋದ. ಅಲ್ಲಿ ಹಳೆ ಕ್ಯಾಮೆರಾ ಮಾರುವ ಗಜಾನನ ಮೇಜಿನ ಮೇಲೆ ಎರಡನ್ನು ಇಟ್ಟ. ಎರಡಕ್ಕೂ ಅವನ ಹಳೆಯದರಷ್ಟೇ ಅಗಲದ ಫಿಲ್ಮು. ಒಂದು ಮಾಮಿಯಾ, ಎರಡು ಕಣ್ಣಿನದು, ಬಗ್ಗಿಯೇ ನೋಡಬೇಕು, ಹೆಣಭಾರ. ಇನ್ನೊಂದು ಬ್ರೋನಿಕಾ, ಒಂದೇ ಕಣ್ಣಿನದು. ಅದನ್ನು ಮುಖಕ್ಕೆ ಎತ್ತಿ ನೆಟ್ಟಗೆ ನೋಡಿದರಾಯಿತು, ಕುತ್ತಿಗೆಗೆ ಕೆಲಸವಿಲ್ಲ.

"ಎರಡೂ ತಗಂಡ್ಹೋಗಿ ಶ್ರೇಯಾಂಸಣ್ಣ. ಒಂದು ಮದ್ವೆ ತೆಗ್ದು ನೋಡಿ. ಬೇಡದ್ದು ವಾಪಸ್ ತನ್ನಿ" ಅಂದ ಗಜಾನನ.

ಮನೆಯಲ್ಲಿ ಜ್ವಾಲಾಮಾಲಿನಿ ಎರಡನ್ನೂ ಮುಟ್ಟಿಯೂ ನೋಡಲಿಲ್ಲ. "ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ನೆಟ್ಟಗೆ ನಿಂತು ತೆಗ್ಯೋದೇ ಇರ್ಲಿ. ಕೈ ಹೋದ್ಮೇಲೆ ಕ್ಯಾಮೆರಾ ತಗಂಡು ಉಪ್ಪಿನಕಾಯಿ ಹಾಕ್ತೀರಾ?"

ಅವಳ ಮಾತು ಸರಿಯೇ. ಮಂಡಗದ್ದೆಯ ಹತ್ತಿರ ಹೂವಯ್ಯನ ಮಗಳು ಶರಾವತಿಯ ಮದುವೆಗೆ ಶ್ರೇಯಾಂಸ ಎರಡನ್ನೂ ಚೀಲದಲ್ಲಿ ಹೊತ್ತುಕೊಂಡು ಹೋದ. ಆದರೆ ಬೆಳಗಿನಿಂದ ಹೊರಗೆ ತೆಗೆದದ್ದು ಬ್ರೋನಿಕಾ ಒಂದನ್ನೇ. ಧಾರೆ ಮುಗಿದರೂ ಕೈ ಜೋಮು ಹಿಡಿಯಲಿಲ್ಲ. ಎಷ್ಟೋ ತಿಂಗಳ ಮೇಲೆ ಒಂದು ಮದುವೆಯಲ್ಲಿ ಅವನಿಗೆ ಪಾಯಸದ ರುಚಿ ಹತ್ತಿತು. ಮುಗಿಯಿತು, ಇನ್ನು ಇದೇ, ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟ. ಅವನಿಗೆ ಸಾಕಾಗಿತ್ತು. ಬಗ್ಗಿ ಬಗ್ಗಿ ಸಾಕಾಗಿತ್ತು.

ಊಟ ಮುಗಿಯುವ ಹೊತ್ತಿಗೆ ಮದುಮಗಳು ತಾನೇ ಎದ್ದು ಬಂದಳು.

"ಅಣ್ಣಾ, ಅಜ್ಜಿ ಜೊತೆ ನಂದೊಂದು ಫೋಟೊ ಬೇಕು. ಅಜ್ಜಿ ಚಪ್ಪರದ ಕಡೆ ಬರೋದೇ ಇಲ್ಲ ಅಂತಾರೆ. ಇನ್ನು ಸ್ವಲ್ಪ ಹೊತ್ತಿಗೆ ನಾವು ಹೊಸನಗರಕ್ಕೆ ಹೊರಡ್ಬೇಕು."

ಅವಳ ಅಜ್ಜಿ ಮೂಕಮ್ಮ ಹಿತ್ತಲ ಜಗಲಿಯಲ್ಲಿ ಕೂತು ವೀಳ್ಯದೆಲೆ ಒರೆಸುತ್ತಿದ್ದಳು. ತಾಯಿಯಿಲ್ಲದ ಶರಾವತಿಯನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಆದರೆ ಗಂಡ ಸತ್ತವಳ ಕೈ ಮದುಮಗಳ ತಲೆಗೆ ತಾಗಬಾರದಂತೆ. ಹಾಗಂತ ಹೇಳಿದವನು ಯಾವನು ಎಂದು ಕೇಳಿದರೆ ಊರಲ್ಲಿ ಒಬ್ಬನಿಗೂ ಗೊತ್ತಿಲ್ಲ. ಗೊತ್ತಿಲ್ಲದವನ ಮಾತನ್ನು ಮೂಕಮ್ಮ ಹರೆಯದಿಂದ ಪಾಲಿಸಿಕೊಂಡು ಬಂದಿದ್ದಳು. ಬೆಳಿಗ್ಗೆ ಕಾಲಿಗೆ ಬೀಳಲು ಬಂದ ಮೊಮ್ಮಗಳನ್ನು, "ಮನಸ್ನಲ್ಲೇ ಹರಸಿದೀನಿ, ಹೋಗು" ಎಂದು ದೂರದಿಂದಲೇ ಕಳಿಸಿದ್ದಳಂತೆ.

ಶ್ರೇಯಾಂಸ ಬ್ರೋನಿಕಾವನ್ನು ಮುಖಕ್ಕೆ ಎತ್ತಿದ. ಮೂಕಮ್ಮ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

"ಎಂತ ಅದು, ಹಂದಿಗೆ ಕೋವಿ ಗುರಿ ಹಿಡ್ದಂಗೆ? ಹಂಗೆಲ್ಲ ಮುಖಕ್ಕೆ ಹಿಡೀಬ್ಯಾಡ, ನಂಗಾಗಲ್ಲ."

ಅವನು ಕೆಳಗಿಳಿಸಿದ, ಕಾದ, ಮತ್ತೆ ಎತ್ತಿದ. ಅವಳು ಮತ್ತೆ ತಿರುಗಿದಳು. ಕಂಬದ ಹತ್ತಿರ ನಿಂತ ಮದುಮಗಳ ಮುಖ ಬಾಡಿತು. ಹಾಳಾಗಿ ಹೋಗಲಿ, ಒಂದು ಚಿತ್ರ ತಾನೇ ಎಂದುಕೊಂಡು ಅವನು ಚೀಲದಿಂದ ಮಾಮಿಯಾ ತೆಗೆದು ಕೊರಳಿಗೆ ಹಾಕಿದ, ಮುಚ್ಚಳ ಬಿಚ್ಚಿ, ತಲೆ ಬಗ್ಗಿಸಿದ. ಕುತ್ತಿಗೆಯಲ್ಲಿ ಕಾದ ಕಬ್ಬಿಣ ಎಳೆದಂತಾಯಿತು.

ಗಾಜಿನಲ್ಲಿ ಮುದುಕಿ ಮೆಲ್ಲಗೆ ಇತ್ತ ತಿರುಗಿದಳು.

"ಎಂತ ಮಾರಾಯ, ನಂಗೆ ಯಾಕೆ ಅಡ್ಡ ಬೀಳ್ತೀಯ?" ಅಂದಳು. "ಶುಭದ ದಿನ. ನಂಗೆಲ್ಲ ಯಾರೂ ಬಗ್ಗಲ್ಲ."

ನಿನಗಲ್ಲ ಅಜ್ಜಿ, ಗಾಜಿನೊಳಗೆ ನೋಡುತ್ತಿದ್ದೇನೆ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅವಳ ಕೈ ಎದ್ದಿತ್ತು. "ಚೆನ್ನಾಗಿರು ಮಗಾ. ಮಕ್ಳು ಮರಿ ತಣ್ಣಗಿರ್ಲಿ." ಯಾವ ಮದುವೆಯಲ್ಲೂ ಎದ್ದಿರದ ಕೈ ಅದು. ಅವನು ಗುಂಡಿ ಒತ್ತಿದ.

ಶರಾವತಿ ಓಡಿ ಬಂದು ಅಜ್ಜಿಯ ಮುಂದೆ ಬಗ್ಗಿದಳು. ಕೈ ಚಕ್ಕನೆ ಮಡಿಲಿಗೆ ಹೋಯಿತು. "ನೀ ದೂರ ಇರೇ. ನಾಳೆ ಏನಾದ್ರೂ ಆದ್ರೆ ಜನ ನನ್ನ ಕೈನೇ ಅಂತಾರೆ." ಹುಡುಗಿ ನಿಂತಲ್ಲೇ ಅಳತೊಡಗಿದಳು. ಮೂಕಮ್ಮನಿಗೂ ಅಳು ಬಂದಿತ್ತು, ಆದರೆ ಕೈ ಮಡಿಲಿನಿಂದ ಏಳಲಿಲ್ಲ.

ಚಪ್ಪರದ ಕಡೆಯಿಂದ ಹೊರಡುವ ಗಡಿಬಿಡಿ ಕೇಳುತ್ತಿತ್ತು. ಶ್ರೇಯಾಂಸನ ಬೆರಳು ಆಗಲೇ ಜೋಮು ಹಿಡಿದಿದ್ದವು. ಅವನು ಮದುಮಗಳಿಗೆ ಅಜ್ಜಿಯ ಮಂಡಿಯ ಪಕ್ಕ ಕೂರುವಂತೆ ಸನ್ನೆ ಮಾಡಿದ. "ಸುಮ್ನೆ ಪಕ್ಕದಲ್ಲಿ ಕೂತಿರ್ತಾಳೆ ಅಜ್ಜಿ. ಇನ್ನೊಂದ್ಸಲ" ಎಂದು ಮೊಣಕಾಲೂರಿ, ಚಿತ್ರಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಬಗ್ಗಿದ. ಈ ಸಲ ಅವನು ನಿಜವಾಗಿಯೇ ಬಗ್ಗಿದ್ದ.

"ಎಷ್ಟು ಸಲ ಬೀಳ್ತೀಯೋ" ಎಂದು ಮೂಕಮ್ಮ ಅಳುವಿನಲ್ಲೇ ನಕ್ಕು ಅವನಿಗಾಗಿ ಕೈ ಎತ್ತಿದಳು. ಶರಾವತಿಗೆ ಅರ್ಥವಾಯಿತು. ಮೆಲ್ಲಗೆ ಸರಿದು ಆ ಕೈಯ ಕೆಳಗೆ ತಲೆ ಇಟ್ಟಳು. ಕೈ ಗಾಳಿಯಲ್ಲಿ ನಿಂತಿತು. ಹಿಂದಕ್ಕೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಆಮೇಲೆ ಇಳಿದು, ಮಲ್ಲಿಗೆ ದಂಡೆಯೊಳಗೆ ಬೆರಳು ಹೂತು ಹೋಗುವ ಹಾಗೆ ಒತ್ತಿ ಕೂತಿತು. ಬಲಗೈ ಏಳದೆ ಅವನು ಎಡಗೈಯಲ್ಲಿ ಗುಂಡಿ ಒತ್ತಿದ. ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಿದ್ದರು. ತಲೆ ಎತ್ತಲಾಗದೆ ಇವನು ಹಾಗೆಯೇ ಕೂತಿದ್ದ.

ಮಾರನೆಯ ದಿನ ಮಧ್ಯಾಹ್ನ ಜ್ವಾಲಾಮಾಲಿನಿ ಪೆನ್ಸಿಲ್ ಚೂಪು ಮಾಡಿಕೊಂಡು ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದಳು. ಒಂದರ ಹತ್ತಿರ ಕೈ ನಿಂತಿತು. ಅದರಲ್ಲಿ ಕಪ್ಪು ಬಿಳುಪು ಅದಲುಬದಲಾಗಿ ಅಜ್ಜಿಯ ಕೂದಲು ಕಪ್ಪಗೆ, ಮದುಮಗಳ ಕೂದಲು ಬೆಳ್ಳಗೆ ಕಾಣುತ್ತಿತ್ತು, ನಡುವೆ ಆ ಕೈ.

"ಇದು ಯಾವುದ್ರಲ್ಲಿ ತೆಗ್ದಿದ್ದು?"

"ಬಗ್ಗಿ ನೋಡೋದ್ರಲ್ಲಿ" ಅಂದ ಗೋಡೆಗೆ ಒರಗಿ ಕೂತಿದ್ದ ಶ್ರೇಯಾಂಸ. ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ, "ನೀನು ಹೇಳಿದ್ದೇ ಸರಿ ಮಾಲಿನಿ. ನಾಳೆ ಸಾಗರಕ್ಕೆ ಹೋಗಿ ಇದನ್ನ ವಾಪಸ್ ಕೊಟ್ಟು ಬರ್ತೀನಿ" ಅಂದ.

ಅವಳು ಒಳಗೆ ಹೋಗಿ ಎಣ್ಣೆ ಬಿಸಿ ಮಾಡಿ ತಂದಳು. ಅವನ ಹಿಂದೆ ಕೂತು ಕುತ್ತಿಗೆಗೆ ತಿಕ್ಕತೊಡಗಿದಳು. ತಿಕ್ಕುವುದರಲ್ಲಿ ಸಿಟ್ಟಿತ್ತು.

"ವಾಪಸ್ ಹೋಗೋದು ಆ ನೆಟ್ಟಗೆ ನೋಡೋದು" ಅಂದಳು. "ಇನ್ಮೇಲೆ ಮದ್ವೆಗೆಲ್ಲ ನಾನೂ ಬರ್ತೀನಿ. ಆ ಭಾರ ಹಿಡ್ಕಳೋದು ನಾನು, ಗುಂಡಿ ಒತ್ತೋದು ನಾನು. ನೀವು ಒಂದು ಗಳಿಗೆ ಬಗ್ಗಿ ನೋಡಿದ್ರೆ ಸಾಕು."