ಬಲಗುಂಡಿಯ ಮೆನು

ತಮ್ಮ ಬರೆದುಕೊಟ್ಟ ಪ್ರೋಗ್ರಾಮಿನಲ್ಲೇ ಅಕ್ಕ ಸ್ಟುಡಿಯೋದ ಫೋಟೊಗಳನ್ನು ವಿಂಗಡಿಸುತ್ತಿದ್ದಳು. ಚೆನ್ನಾಗಿ ಬಂದದ್ದನ್ನು ಉಳಿಸುವುದು, ಮಸುಕಾದದ್ದನ್ನು ಅಳಿಸುವುದು. ಒಂದೊಂದನ್ನು ಅಳಿಸಲೂ ಪರದೆಯ ತುದಿಯ ಮೆನುವರೆಗೆ ಹೋಗಿಬರಬೇಕಿತ್ತು. "ಮೌಸಿನ ಬಲಗಡೆ ಗುಂಡಿ ಒತ್ತಿದ್ರೆ ಅಲ್ಲೇ ಮೆನು ಬರೋ ಹಾಗೆ ಮಾಡಿಕೊಡೋ, ಪುಣ್ಯ ಬರುತ್ತೆ" ಎಂದು ಗೋಗರೆದಳು. ಅದೇನು ಮಹಾ ಎಂದು ಅವನು ಊಟ ಮುಗಿಸಿ ಕೂತವನು ಸಂಜೆಯೊಳಗೆ ಮಾಡಿ ಮುಗಿಸಿದ. ಜಾಗ ಉಳಿಯಲೆಂದು, ಅಳಿಸಿದ್ದು ಮತ್ತೆ ಸಿಗದ ಹಾಗೆ ಪೂರ್ತಿ ಮಾಯವಾಗುವ ಏರ್ಪಾಡನ್ನೂ ಮಾಡಿದ್ದ. ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಕೆಲವೇ ದಿನಗಳಲ್ಲಿ ಒಂದು ಮನೆಯವರ ಗುಂಪು ಫೋಟೊ ಅಳಿಸಿಹೋಯಿತು. ಎಲ್ಲರೂ ಕಣ್ಣು ಬಿಟ್ಟಿದ್ದ ಒಂದೇ ಒಂದು ಫೋಟೊ ಅದು. ಸ್ಟುಡಿಯೋ ಯಜಮಾನರು ತಮ್ಮನನ್ನು ಕರೆಸಿ ಕೇಳಿದರು. ಅವನು ಕಂಪ್ಯೂಟರಿನ ಹತ್ತಿರವೂ ಸುಳಿಯದೆ, "ಪ್ರೋಗ್ರಾಂ ಸರಿಯಾಗೇ ಇದೆ ಸರ್. ನಮ್ಮಕ್ಕಂದು ಮೊದಲಿಂದ್ಲೂ ಸ್ವಲ್ಪ ದುಡುಕು" ಎಂದು ನಕ್ಕ. ಅಕ್ಕ ಅಲ್ಲೇ ನಿಂತಿದ್ದಳು. ಮರುದಿನದಿಂದ ಅವಳಿಗೆ ಚೌಕಟ್ಟುಗಳಿಗೆ ಕಾಗದ ಸುತ್ತುವ ಕೆಲಸ ಬಂತು. ಕಂಪ್ಯೂಟರಿನ ಮುಂದೆ ಕೂರಲು ಬೇರೆಯವರನ್ನು ಹುಡುಕತೊಡಗಿದರು.

ಬರುವ ಹೊಸಬರಿಗೆಂದು ಪರದೆಯ ಅಕ್ಷರ ದೊಡ್ಡದು ಮಾಡಲು ಸ್ಟುಡಿಯೋಗೆ ಹೋದ ತಮ್ಮ, ಅಕ್ಕನನ್ನು ಕರೆದು, "ಅವತ್ತು ಹೇಗೆ ಒತ್ತಿದೆ, ತೋರ್ಸು" ಎಂದ, ಮೇಷ್ಟ್ರ ಗತ್ತಿನಲ್ಲಿ.

"ದಿನಾ ನೀನು ತೋರಿಸಿಕೊಟ್ಟ ಹಾಗೆ ಮೊದಲು ಎಡಗಡೆ ಒತ್ತಿ, ಆಮೇಲೆ ಬಲಗಡೆ ಒತ್ತುತ್ತಿದ್ದೆ. ಅವತ್ತು ಗಿರಾಕಿಗಳು ಕಾಯ್ತಿದ್ರು, ನೇರ ಬಲಗಡೇನೇ ಒತ್ತಿಬಿಟ್ಟೆ."

ಬೇಡದ ಹಳೆಯ ಫೋಟೊಗಳಲ್ಲಿ ಒಂದನ್ನು ಎಡಗುಂಡಿಯಿಂದ ಆರಿಸಿ ನೋಡಿದಳು. ಪಕ್ಕದ ಮಸುಕು ಫೋಟೊದ ಮೇಲೆ ನೇರವಾಗಿ ಬಲಗುಂಡಿ ಒತ್ತಿ, 'ಅಳಿಸು' ಎಂಬುದನ್ನು ಒತ್ತಿದಳು. ಮಸುಕಾದದ್ದು ಹಾಗೇ ಉಳಿಯಿತು, ಮೊದಲು ಆರಿಸಿದ್ದು ಮಾಯವಾಯಿತು.

ಬಲಗುಂಡಿಗೆ ಮೆನು ಬರುತ್ತಿತ್ತೇ ಹೊರತು ಅದರಡಿಯ ಫೋಟೊ ಆಯ್ಕೆಯಾಗುತ್ತಿರಲಿಲ್ಲ. ಏಟು ಬೀಳುತ್ತಿದ್ದದ್ದು ಹಿಂದೆ ಆರಿಸಿದ್ದರ ಮೇಲೆ. ಪರೀಕ್ಷೆ ಮಾಡುವಾಗ ಅವನು ಪ್ರತಿ ಸಲವೂ ಅಭ್ಯಾಸಬಲದಿಂದ ಮೊದಲು ಎಡಗುಂಡಿ ಒತ್ತಿದ್ದ. ಬೇರೆ ಥರ ಒತ್ತುವವರೂ ಇರುತ್ತಾರೆಂದು ಆ ಮಹಾಶಯನಿಗೆ ಹೊಳೆದಿರಲೇ ಇಲ್ಲ.

ಅವನು ನಾಚಿಕೆಯಿಂದ ಕುಗ್ಗಿಹೋದ. ಎರಡು ಸಾಲು ಸೇರಿಸಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ.

"ನೋಡು, ಮತ್ತೆ ತಪ್ಪು ಒತ್ತಿದೆ" ಎಂದು ಅಕ್ಕ ಕೈ ಹಿಂದಕ್ಕೆಳೆದುಕೊಂಡಳು.

ಅವನಿಗೆ ಕೂತಿರಲಾಗಲಿಲ್ಲ. ಯಜಮಾನರ ಮುಂದೆ ಹೋಗಿ, "ತಪ್ಪು ನಂದು ಸರ್, ಅಕ್ಕಂದಲ್ಲ" ಎಂದು ಎಲ್ಲವನ್ನೂ ಬಿಡಿಸಿ ಹೇಳಿದ.

"ಹಾಗಾದ್ರೆ ಅವತ್ತು ನೋಡದೇ ಹೇಳಿದ್ದಾ?"

ಹೌದೆಂದು ಅವನು ಒಪ್ಪಿಕೊಂಡ. ನಾಳೆಯಿಂದ ಅಕ್ಕನೇ ಕಂಪ್ಯೂಟರಿಗೆ ಕೂರಲಿ ಎಂದು ಯಜಮಾನರು ಎದ್ದು ಹೋದರು.

ಅಕ್ಕ ಬೈಯುತ್ತಾಳೆಂದು ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಅರ್ಧ ಸುತ್ತಿದ್ದ ಚೌಕಟ್ಟನ್ನು ಎತ್ತಿಕೊಂಡು ಮೆಲ್ಲಗೆ ಹೇಳಿದಳು:

"ನಂದು ದುಡುಕು ಅಂತ ನೀನೇ ಅಂದ ಮೇಲೆ ನಾನೂ ನಂಬಿಬಿಟ್ಟಿದ್ದೆ ಕಣೋ. ಮನೆಗೆ ಬೀಗ ಹಾಕಿದ್ನೋ ಇಲ್ವೋ ಅಂತ ದಿನಾ ಅರ್ಧ ದಾರಿಯಿಂದ ವಾಪಸ್ ಹೋಗಿ ನೋಡ್ತಿದ್ದೆ."