ಮೂಗುದಾರ ಇಲ್ಲದ ಜೀವ

ದೀಪಾವಳಿ ಮುಗಿಯಿತೆಂದರೆ ಹಾನಗಲ್ ಸೀಮೆಯ ಮಂದಿಗೆ ನಾಲ್ಕು ದಿನ ಕೈ ಬಿಡುವು. ಭತ್ತದ ಕೊಯ್ಲಿಗೆ ಇನ್ನೂ ಹದಿನೈದು ದಿನ ಇರುತ್ತದೆ. ಆಗ ಓಣಿಗೊಂದು ಕ್ರೂಸರ್ ಗಾಡಿ ಬಂದು ನಿಲ್ಲುತ್ತದೆ. ರೊಟ್ಟಿ ಗಂಟು, ನೀರಿನ ಕ್ಯಾನು, ಮಕ್ಕಳು, ಮುದುಕಿಯರು ಎಲ್ಲರನ್ನೂ ತುಂಬಿಕೊಂಡು ಗಾಡಿ ಅಡವಿಯ ಕಡೆ ಹೊರಡುತ್ತದೆ. ಹೋದವರು ಗುಡಿ ನೋಡುತ್ತಾರೆ, ಹೊಳೆ ನೋಡುತ್ತಾರೆ. ದಾರಿಯಲ್ಲಿ ಕಾಡುಪ್ರಾಣಿ ಕಂಡರೆ ಇಳಿದು ಫೋಟೊ ಹೊಡೆಸಿಕೊಳ್ಳುತ್ತಾರೆ. ಸಂಜೆಗೆ ಆ ಫೋಟೊ ಎಲ್ಲರ ಸ್ಟೇಟಸ್‌ನಲ್ಲಿ ಇರುತ್ತದೆ. ಇದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನಿಸುವುದಿಲ್ಲ.

ಅನ್ನವ್ವನಿಗೂ ಅನಿಸಿರಲಿಲ್ಲ.

ಅನ್ನವ್ವನದು ಅಕ್ಕಿಆಲೂರಿನ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಗಂಡ ಫಕ್ಕೀರೇಶ, ಅತ್ತೆ ಗುತ್ತೆವ್ವ, ಮೈದುನ ಪ್ರಶಾಂತ, ಏಳು ವರ್ಷದ ಮಗಳು ಶ್ವೇತಾ. ಫಕ್ಕೀರೇಶ ಹೋರಿ ಹಬ್ಬದಲ್ಲಿ ಹೆಸರು ಮಾಡಿದವನು. ಕೊಬ್ಬರಿ ಮಾಲೆ ಕಟ್ಟಿಕೊಂಡು ಬಾಣದಂತೆ ನುಗ್ಗಿ ಬರುವ ಹೋರಿಯ ಕೊರಳಿಗೆ ಜೋತುಬಿದ್ದು ಕೊಬ್ಬರಿ ಹರಿದುಕೊಳ್ಳುತ್ತಿದ್ದ. ಆ ಸಲದ ಹಬ್ಬದಲ್ಲೂ ಎರಡು ಹೋರಿ ಹಿಡಿದಿದ್ದ. "ಕೋಡಿಗೆ ನಾ ಅಂಜೂದಿಲ್ಲ, ಕೋಡು ನನಗ ಅಂಜತೈತಿ" ಎಂದು ನಗುತ್ತಿದ್ದ. ಆ ಮಾತು ಕೇಳಿದರೆ ಅನ್ನವ್ವನಿಗೆ ಒಳಗೊಳಗೇ ಹೆಮ್ಮೆ.

ಹಬ್ಬ ಮುಗಿದ ಮೂರನೆಯ ದಿನ ಅವರು ಹೊರಟರು. ಗಾಡಿ ಹಾನಗಲ್ಲಿನ ಇನಾಯತನದು. ಹದಿನೈದು ವರ್ಷದಿಂದ ಅವನು ಅಡವಿಯ ಆ ದಾರಿಯಲ್ಲಿ ಗಾಡಿ ಓಡಿಸಿದವನು. ಘಟ್ಟದ ತಿರುವಿನಲ್ಲಿ ಮಂಗಗಳು ಕಂಡಾಗ ಫಕ್ಕೀರೇಶ ಬಾಳೆಹಣ್ಣು ಎಸೆಯಲು ಹೋದ. ಇನಾಯತ ತಡೆದ.

"ಹಣ್ಣು ಒಗೀಬ್ಯಾಡ್ರಿ ಫಕ್ಕೀರಣ್ಣ. ರುಚಿ ಹತ್ತಿದ್ರ ಗಾಡಿ ಕಂಡಾಗೆಲ್ಲ ರಸ್ತೆಗೆ ಬರ್ತಾವ. ಗಾಲಿಗೆ ಸಿಕ್ಕು ಸಾಯ್ತಾವ, ಇಲ್ಲಾ ಮುಂದಿನ ಗಾಡ್ಯಾಗಿನ ಕೂಸಿನ ಕೈ ಕಚ್ಚತಾವ."

"ಬಾಳ ಶಾಣ್ಯಾ ಆಗಬ್ಯಾಡೋ ಮಾರಾಯ" ಎಂದು ಫಕ್ಕೀರೇಶ ನಕ್ಕು ಹಣ್ಣು ಎಸೆದೇಬಿಟ್ಟ. ಶ್ವೇತಾ ಚಪ್ಪಾಳೆ ತಟ್ಟಿದಳು.

ಗುಡಿ ನೋಡಿ, ಹೊಳೆಯ ದಂಡೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಉಂಡು ಅವರು ತಿರುಗಿದಾಗ ನಾಲ್ಕು ಗಂಟೆ. ಎರಡೂ ಕಡೆ ದಟ್ಟ ಅಡವಿ. ಒಂದು ತಿರುವು ದಾಟುತ್ತಲೇ ಇನಾಯತ ಗಾಡಿಯ ವೇಗ ಇಳಿಸಿದ. ರಸ್ತೆಯ ಅಂಚಿನಿಂದ ನಲವತ್ತು ಹೆಜ್ಜೆ ಒಳಗೆ ಒಂದು ಕಾಡುಕೋಣ ಮೇಯುತ್ತಿತ್ತು. ಕಂದು ಮೈ, ಒಳಗೆ ಬಾಗಿದ ಕೋಡು, ಮೊಣಕಾಲಿನ ತನಕ ಬಿಳಿ ಕಾಲುಚೀಲ ತೊಟ್ಟಂಥ ಕಾಲು. ಗಾಡಿಯಲ್ಲಿದ್ದವರೆಲ್ಲ ಕಿಟಕಿಗೆ ಮುಖ ಹಚ್ಚಿದರು. ಅಷ್ಟು ಚೆಂದದ ಪ್ರಾಣಿಯನ್ನು ಅವರ್ಯಾರೂ ನೋಡಿರಲಿಲ್ಲ.

"ನಿಲ್ಲಸು, ನಿಲ್ಲಸು" ಎಂದ ಫಕ್ಕೀರೇಶ.

"ಇಲ್ಲಿ ಇಳಿಯಂಗಿಲ್ರಿ ಅಣ್ಣ. ಬೋರ್ಡ್ ಹಾಕ್ಯಾರ. ಕಿಡಕ್ಯಾಗಿಂದನ ನೋಡ್ರಿ."

"ಎಮ್ಮಿ ಕೋಣನ ಹಂಗ ಐತಲ್ಲೋ. ಹೋರಿ ಹಿಡದ ಕೈ ಇದು."

"ಹೋರಿಗೆ ಮೂಗದಾರ ಇರ್ತೈತಿ, ಮಾಲಕ ಇರ್ತಾನ. ಇದಕ್ಕ ಮೂಗದಾರ ಇಲ್ಲಣ್ಣ. ನಾ ಕೈ ಮುಗಿತೇನಿ, ಇಳೀಬ್ಯಾಡ್ರಿ."

ಅಷ್ಟರಲ್ಲಿ ಫಕ್ಕೀರೇಶ ಬಾಗಿಲು ತೆಗೆದು ಇಳಿದಿದ್ದ. ಹಿಂದೆಯೇ ಪ್ರಶಾಂತ ಇಳಿದ. ಅನ್ನವ್ವನೂ ಫೋನ್ ಹಿಡಿದುಕೊಂಡು ಇಳಿದಳು. ಅವಳ ಅಕ್ಕನ ಸ್ಟೇಟಸ್‌ನಲ್ಲಿ ಹಿಂದಿನ ವಾರ ಆನೆಯ ಫೋಟೊ ಇತ್ತು. ತನ್ನದರಲ್ಲೂ ಒಂದು ಇರಲಿ ಎಂಬ ಆಸೆ.

ಫಕ್ಕೀರೇಶ ಪ್ರಾಣಿಗೆ ಬೆನ್ನು ಮಾಡಿ, ಮೀಸೆ ತಿರುವಿ ನಿಂತ. ಅನ್ನವ್ವ ವಿಡಿಯೊ ಹಚ್ಚಿದಳು, ಫೋನಿನಲ್ಲಿ ಪ್ರಾಣಿ ಸಣ್ಣದಾಗಿ ಕಂಡಿತು. ಅವಳು ಕೈ ಬೀಸಿ ಕೂಗಿದಳು: "ಇನ್ನಾ ಸ್ವಲ್ಪ ಹಿಂದಕ್ಕ ಸರೀರಿ, ಅದು ಚಲೋತ್ನಂಗ ಕಾಣವಲ್ದು."

ಅವನು ಹಿಂದೆ ಸರಿದ. ಇನ್ನೂ ಸರಿದ.

ಮುಂದಿನದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನಡೆದುಹೋಯಿತು. ಅಷ್ಟು ದೊಡ್ಡ ದೇಹ ಅಷ್ಟು ಜೋರಾಗಿ ಓಡಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ. ಫಕ್ಕೀರೇಶ ತಿರುಗಿ ನೋಡುವುದರೊಳಗೆ ಅದು ಅವನನ್ನು ಎತ್ತಿ ಒಗೆದಿತ್ತು. ಒಂದೇ ಸಲ. ಆಮೇಲೆ ಪ್ರಾಣಿ ಅಲ್ಲಿ ನಿಲ್ಲಲಿಲ್ಲ. ತಿರುಗಿ ಪೊದೆಯೊಳಗೆ ಹೋಗಿಬಿಟ್ಟಿತು.

ಇನಾಯತ ಮತ್ತು ಪ್ರಶಾಂತ ಅವನನ್ನು ಹೊತ್ತು ಗಾಡಿಗೆ ಹಾಕಿದರು. ಹೊಟ್ಟೆಗೆ ಗುತ್ತೆವ್ವನ ಸೀರೆಯ ಸೆರಗು ಹರಿದು ಕಟ್ಟಿದರು. ಫೋನಿಗೆ ಸಿಗ್ನಲ್ ಇರಲಿಲ್ಲ. ಆಸ್ಪತ್ರೆಗೆ ಒಂದೂವರೆ ತಾಸಿನ ದಾರಿ. ಇನಾಯತ ಅಳುತ್ತಲೇ ಗಾಡಿ ಓಡಿಸಿದ. ಅನ್ನವ್ವನ ತೊಡೆಯ ಮೇಲೆ ಗಂಡನ ತಲೆ ಇತ್ತು.

"ಶ್ವೇತಾಗ ನೋಡಗೊಡಬ್ಯಾಡ" ಎಂದ ಅವನು. ಆಮೇಲೆ ನೀರು ಕೇಳಿದ. ಅಡವಿ ದಾಟಿ ಮೊದಲ ಊರು ಬರುವ ಮೊದಲೇ ಅವನ ಕೈ ತಣ್ಣಗಾಗಿತ್ತು. ಅವನಿಗೆ ಮೂವತ್ತನಾಲ್ಕು ವರ್ಷ.

ಮರುದಿನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ಹಣಿಯಾಗ ಬರದಿತ್ತು, ಏನ ಮಾಡೂದೈತಿ?" ಗುತ್ತೆವ್ವನೂ ಅದನ್ನೇ ಹೇಳಿಕೊಂಡು ಅತ್ತಳು. ಪ್ರಶಾಂತ ಅಳಲಿಲ್ಲ, ಹಲ್ಲು ಕಡಿದ. "ಆ ಕೋಣನ್ನ ಗುಂಡ ಹಾಕಿ ಹೊಡೀಬೇಕು" ಎಂದು ಸಿಕ್ಕವರ ಮುಂದೆಲ್ಲ ಹೇಳಿದ.

ಅನ್ನವ್ವ ಮಾತನ್ನೇ ಬಿಟ್ಟಳು. ಭತ್ತದ ಕೊಯ್ಲು ಬಂತು. ಊರವರೇ ಕೂಡಿ ಅವರ ಹೊಲ ಕೊಯ್ದುಕೊಟ್ಟರು. ಅವಳು ಅನ್ನಕ್ಕೆ ಎಸರಿಟ್ಟು, ಒಲೆಯ ಮುಂದೆಯೇ ಕುಳಿತಿರುತ್ತಿದ್ದಳು. ಗಂಡ ಸತ್ತ ದುಃಖ ಎಂದು ಎಲ್ಲರೂ ತಿಳಿದರು. ದುಃಖ ಅದೊಂದೇ ಆಗಿರಲಿಲ್ಲ. ಅವಳ ಕಿವಿಯಲ್ಲಿ ಅವಳದೇ ದನಿ ಕೂಗುತ್ತಿತ್ತು. ಫೋನನ್ನು ಟ್ರಂಕಿನ ತಳದಲ್ಲಿ, ಸೀರೆಗಳ ಅಡಿ ಇಟ್ಟು ಬೀಗ ಹಾಕಿದ್ದಳು.

ಇಪ್ಪತ್ತೈದು ದಿನ ಕಳೆದ ಮೇಲೆ ಅರಣ್ಯ ಇಲಾಖೆಯ ಗಾರ್ಡ್ ಭಾಗ್ಯಶ್ರೀ ಮನೆಗೆ ಬಂದಳು. ಹಿರೇಬೆಂಡಿಗೇರಿಯ ಒಕ್ಕಲು ಮನೆಯ ಮಗಳು. ಇಲಾಖೆಯ ಕಾಗದಕ್ಕೆ ಮನೆಯವರ ಹೇಳಿಕೆ ಬೇಕಾಗಿತ್ತು. ಗುತ್ತೆವ್ವ ಚಾಪೆ ಹಾಸಿದಳು.

"ಬರ್ರಿ, ಕುಂದರ್ರಿ. ಹಣಿಬರಹಕ್ಕ ಹೇಳಿಕಿ ಯಾಕ ಬೇಕವ್ವಾ?"

"ಮದ್ಲ ನೀವು ಹೇಳ್ರಿ" ಎಂದು ಪ್ರಶಾಂತ ಅಡ್ಡ ಬಂದ. "ಆ ಕೋಣನ್ನ ಹೊಡದ್ರೋ ಇಲ್ಲೋ? ನಮ್ಮ ಅಣ್ಣನ್ನ ಕೊಂದ ಪ್ರಾಣಿ ಆರಾಮ ಮೇಕೋಂತ ಅಡ್ಡಾಡಾಕತ್ತೈತೇನು?"

ಭಾಗ್ಯಶ್ರೀ ಸಿಟ್ಟಾಗಲಿಲ್ಲ. "ನಿಮ್ಮ ಸಂಕಟ ನನಗ ತಿಳೀತೈತಿ ತಮ್ಮಾ. ಅವತ್ತ ಏನೇನಾತು, ಹೇಳ್ರಿ. ವಿಡಿಯೊ ಏನಾರ ಐತೇನು?"

ಅನ್ನವ್ವ ಎದ್ದು ಒಳಗೆ ಹೋದಳು. ಟ್ರಂಕಿನ ಬೀಗ ತೆಗೆಯುವ ಸಪ್ಪಳ ಕೇಳಿಸಿತು. ಫೋನ್ ತಂದು ಚಾರ್ಜಿಗೆ ಹಾಕಿ, ಭಾಗ್ಯಶ್ರೀಯ ಕೈಗೆ ಕೊಟ್ಟು, ಗೋಡೆಗೆ ಮುಖ ಮಾಡಿ ನಿಂತಳು.

ವಿಡಿಯೊ ನಲವತ್ತು ಸೆಕೆಂಡಿನದು. ಅದರಲ್ಲಿ ಮೊದಲು ಕೇಳಿಸಿದ್ದು ಶಿಳ್ಳೆ. ಪ್ರಾಣಿ ತಲೆಯೆತ್ತಲಿ ಎಂದು ಯಾರೋ ಹೋರಿ ಹಬ್ಬದಲ್ಲಿ ಹೊಡೆಯುವಂತೆ ಶಿಳ್ಳೆ ಹೊಡೆದಿದ್ದರು. ಆಮೇಲೆ ಗಾಡಿಯೊಳಗಿಂದ ಕಿಲಕಿಲ ನಗು. ನಗುವಿನ ನಡುವೆ ಪ್ರಾಣಿಯ ಮೂಗಿನಿಂದ ಭುಸ್ ಎನ್ನುವ ಸಪ್ಪಳ, ಒಂದಲ್ಲ, ಮೂರು ಸಲ. ಆಮೇಲೆ ಸ್ಪಷ್ಟವಾಗಿ ಅನ್ನವ್ವನ ದನಿ: "ಇನ್ನಾ ಸ್ವಲ್ಪ ಹಿಂದಕ್ಕ ಸರೀರಿ..."

ಭಾಗ್ಯಶ್ರೀ ಅಲ್ಲಿಗೇ ನಿಲ್ಲಿಸಿದಳು. ಮುಂದಿನದನ್ನು ತೋರಿಸಲಿಲ್ಲ.

ಅನ್ನವ್ವ ಗೋಡೆಗೆ ಹಣೆ ಹಚ್ಚಿ ಕುಸಿದಳು. "ನಾನ ಹೇಳಿದ್ನೆವ್ವಾ ಹಿಂದಕ್ಕ ಹೋಗ್ರಿ ಅಂತ. ನಾನ ಕಳಿಸಿದ್ನಿ. ಯಾರ ಮುಂದೂ ಹೇಳಾಕ ಆಗಲಿಲ್ಲ ನನಗ." ಇಪ್ಪತ್ತೈದು ದಿನ ಒಳಗೆ ಇಟ್ಟುಕೊಂಡದ್ದೆಲ್ಲ ಹೊರಗೆ ಬಂತು.

ಗುತ್ತೆವ್ವ ಸೊಸೆಯ ಕಡೆ ತಿರುಗಿದಳು. ಈಗ ಬೈಯುತ್ತಾಳೆ ಎಂದು ಪ್ರಶಾಂತ ಹೆದರಿದ. ಮುದುಕಿ ಚಾಪೆಯ ಮೇಲೆ ತೆವಳಿಕೊಂಡೇ ಹೋಗಿ ಸೊಸೆಯ ಬೆನ್ನ ಮೇಲೆ ಕೈ ಇಟ್ಟಳು.

"ಆ ನಗು ನಂದವ್ವಾ" ಎಂದಳು. "ಗಾಡ್ಯಾಗ ಕುಂತು ನಕ್ಕಾಕಿ ನಾನ. ಹೆತ್ತಾಕಿ ನಾನು, ಇಳೀಬ್ಯಾಡೋ ಮಗನ ಅನ್ನಲಿಲ್ಲ."

ಪ್ರಶಾಂತ ತಲೆ ತಗ್ಗಿಸಿದ್ದ. ಶಿಳ್ಳೆ ಯಾರದೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಅವನು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತ.

ಅವರಿಗೆ ಸಮಾಧಾನವಾಗುವ ತನಕ ಭಾಗ್ಯಶ್ರೀ ಕಾದಳು. ಆಮೇಲೆ ಫೋನ್ ತೋರಿಸಿ, ಚಿತ್ರದ ಮೂಲೆಯಲ್ಲಿದ್ದ ಪೊದೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ನೋಡ್ರಿ. ಎರಡು ಸಣ್ಣ ಕಿವಿ ಕಾಣ್ತಾವಲ್ಲ? ಅದು ಕರ. ನೀವು ನೋಡಿದ್ದು ಕೋಣ ಅಲ್ಲ, ತಾಯಿ. ಮೊನ್ನೆ ಮೊನ್ನೆ ಈದಾಕಿ."

"ನಮಗ ಕಾಣಲೇ ಇಲ್ಲಲ್ರಿ" ಎಂದ ಪ್ರಶಾಂತ.

"ನಿಮಗ ಕಾಣಂಗಿಲ್ಲ. ಕಾಣಬಾರದು ಅಂತನ ಆಕಿ ಅದನ್ನ ಅಲ್ಲಿ ಮಲಗಿಸಿರ್ತಾಳ. ಆದ್ರ ಆಕಿ ನಿಮಗ ಹೇಳ್ಯಾಳ. ಮದ್ಲ ಮೇವು ಬಿಟ್ಟು ತಲಿ ಎತ್ತಿದ್ಲು. ಆಮ್ಯಾಲ ಮೈ ಅಡ್ಡ ತಿರುಗಿಸಿ ನಿಂತ್ಲು, ನಾ ಎಷ್ಟು ದೊಡ್ಡಾಕಿ ಅದೇನಿ ನೋಡ್ರಿ, ಹೋಗ್ರಿ ಅಂತ. ಮೂರು ಸಲ ಭುಸ್ ಅಂದ್ಲು. ಬಾಯಿಲ್ಲದ ಜೀವ, ತನಗ ಬಂದಷ್ಟು ಹೇಳ್ತು. ಮನಿಶ್ಯಾರು ನಾವು ನಗಾಕತ್ತಿರ್ತೇವಿ, ನಮಗ ಕೇಳಸಂಗಿಲ್ಲ."

"ಅಣ್ಣ ಹೋರಿ ಹಿಡಿತಿದ್ದ. ಅವಂಗೂ ತಿಳೀಲಿಲ್ಲಲ್ಲ."

"ಹೋರಿ ನಿಮ್ಮ ಮನಿಯಾಗ ಹಿಂಡಿ ತಿಂದು ಬೆಳದದ್ದು. ಮನಿಶ್ಯಾನ ವಾಸನಿ ಅದಕ್ಕ ರೂಢಿ. ಅಡವ್ಯಾಗಿನ ಪ್ರಾಣಿಗೆ ಮನಿಶ್ಯಾ ಹತ್ತರ ಬಂದ ಅಂದ್ರ ಒಂದ ಅರ್ಥ: ನನ್ನ ಕರಾ ಹೊಡ್ಯಾಕ ಬಂದಾನ."

ಗುತ್ತೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾರ ಇದು ಹಣಿಬರಹ ಅಲ್ಲೇನವ್ವಾ?"

ಭಾಗ್ಯಶ್ರೀಗೆ ಆ ಮುದುಕಿಯ ಕಣ್ಣು ನೋಡಿ ಉತ್ತರ ಕೊಡುವುದು ಕಷ್ಟವಾಯಿತು. ಆದರೂ ಸುಳ್ಳು ಹೇಳಲಿಲ್ಲ.

"ಅವ್ರು ಗಾಡ್ಯಾಗ ಕುಂತಿದ್ರ ಇವತ್ತು ಮನ್ಯಾಗ ಇರತಿದ್ರು ಅವ್ವಾ."

ಗುಂಡು ಹಾಕುವ ಮಾತನ್ನು ಪ್ರಶಾಂತ ಮತ್ತೆ ಎತ್ತಲಿಲ್ಲ.

ಅದಾಗಿ ಹತ್ತು ದಿನಕ್ಕೆ ಮುಂಡಗೋಡದ ಕಡೆಯಿಂದ ಆನೆಗಳು ತಾಲೂಕಿನ ಗಡಿಗೆ ಬಂದಿವೆ ಎಂದು ಸುದ್ದಿಯಾಯಿತು. ಕಬ್ಬಿನ ಹೊಲದಲ್ಲಿ ಆರು ಆನೆ, ಜೊತೆಗೆ ಒಂದು ಮರಿ. ಸುದ್ದಿ ಬಂದ ತಾಸಿನೊಳಗೆ ಪ್ರಶಾಂತನ ಗೆಳೆಯರು ಮೂರು ಬೈಕಿನಲ್ಲಿ ಮನೆಯ ಮುಂದೆ ನಿಂತರು.

"ಬಾರಲೇ, ಬದುವಿನ ಮಟಾ ಹೋಗಬಹುದಂತ. ನಾಕು ಫೋಟೊ ಹೊಡಕೊಂಡು ಬರೂಣು."

"ನಾ ಬರೂದಿಲ್ಲ. ನೀವೂ ಹೋಗಬ್ಯಾಡ್ರಿ" ಎಂದ ಪ್ರಶಾಂತ.

"ದೂರಿಂದ ನೋಡ್ತೇವಿ ಬಿಡಪಾ."

ಅನ್ನವ್ವ ಒಳಗಿದ್ದವಳು ಹೊಸ್ತಿಲಿಗೆ ಬಂದಳು. ಅವಳು ಮನೆಯಿಂದ ಹೊರಗೆ ಬಂದು ಮಾತಾಡಿದ್ದನ್ನು ಓಣಿಯವರು ತಿಂಗಳ ಮೇಲೆ ನೋಡಿದ್ದು ಅಂದೇ.

"ನಿಮ್ಮೊಳಗ ವಿಡಿಯೊ ಹಿಡಿಯೋರು ಯಾರಪಾ?"

ಒಬ್ಬ ನಗುತ್ತ ಕೈ ಎತ್ತಿದ. "ನಾನ್ರಿ ವೈನಿ."

"ನಾನೂ ಹಿಡದಿದ್ನಿ" ಎಂದಳು ಅನ್ನವ್ವ. "ಹೋದಾವ್ರು ಹೋಗಿಬಿಡ್ತಾರ ತಮ್ಮಾ. ಹಿಡದಾವ್ರು ಉಳೀತೇವಿ. ಉಳದು ದಿನಾ ಅದನ್ನ ನೋಡ್ತೇವಿ, ಕಣ್ಣು ಮುಚ್ಚಿದ್ರೂ ಕಾಣ್ತೈತಿ. ಅಲ್ಲೂ ಒಂದು ಮರಿ ಐತಂತಲ್ಲ, ಅದರ ತಾಯಿನ ಕೆಣಕಬ್ಯಾಡ್ರಿ."

ಎತ್ತಿದ ಕೈ ಕೆಳಗಿಳಿಯಿತು. ಆದರೂ ಒಂದು ಬೈಕು ಹೊರಟುಹೋಯಿತು. ಉಳಿದೆರಡು ಬೈಕಿನವರು ಎಂಜಿನ್ ಬಂದ್ ಮಾಡಿ, ಪ್ರಶಾಂತನ ಜೊತೆ ಕಟ್ಟೆಯ ಮೇಲೆ ಕುಳಿತರು. ಹೋದ ಬೈಕು ಸಂಜೆ ಕ್ಷೇಮವಾಗಿ ತಿರುಗಿ ಬರುವ ತನಕ ಅನ್ನವ್ವ ಬಾಗಿಲಲ್ಲೇ ನಿಂತಿದ್ದಳು.

ಈಗ ಅವಳು ಮಹಿಳಾ ಸಂಘದ ಸಭೆಗಳಲ್ಲಿ ತನ್ನ ಕಥೆ ಹೇಳುತ್ತಾಳೆ. ಹೇಳುವಾಗ ಪ್ರತಿ ಸಲವೂ ಅಳುತ್ತಾಳೆ. ಪಕ್ಕದಲ್ಲಿ ಗುತ್ತೆವ್ವ ಕುಳಿತಿರುತ್ತಾಳೆ. ಅವರ ಮನೆಯಿಂದ ಇನ್ನು ಯಾರೂ ಕಾಡುಪ್ರಾಣಿಯ ಹತ್ತಿರ ಹೋಗುವುದಿಲ್ಲ. ಆದರೆ ಫಕ್ಕೀರೇಶ ಇಲ್ಲ. ಕಲಿತ ಪಾಠಕ್ಕೆ ಆ ಮನೆ ಕೊಟ್ಟ ಬೆಲೆ ಬಹಳ ಆಯಿತು.

ಓದುತ್ತಿರುವ ಅಕ್ಕ, ಅಣ್ಣ, ತಾಯಂದಿರೇ, ನೀವು ಅಷ್ಟು ಕೊಡುವುದು ಬೇಡ. ಅಡವಿಗೆ ಹೋಗಿ, ನೋಡಿ, ಸಂತೋಷಪಡಿ. ಆದರೆ ಅಡವಿಯ ದಾರಿಯಲ್ಲಿ ಗಾಡಿಯಿಂದ ಇಳಿಯಬೇಡಿ. ಪ್ರಾಣಿಗೆ ತಿನ್ನಲು ಹಾಕಬೇಡಿ. ಶಿಳ್ಳೆ, ಹಾರ್ನ್, ಕೂಗಾಟ ಬೇಡ. ಫೋಟೊಗಾಗಿ ಅದಕ್ಕೆ ಬೆನ್ನು ಮಾಡಬೇಡಿ. ಪ್ರಾಣಿ ಮೇವು ಬಿಟ್ಟು ನಿಮ್ಮನ್ನೇ ನೋಡಿತೆಂದರೆ ನೀವು ಆಗಲೇ ಹತ್ತಿರ ಬಂದಿದ್ದೀರಿ ಎಂದು ತಿಳಿಯಿರಿ, ಸಪ್ಪಳ ಮಾಡದೆ ಮೆಲ್ಲಗೆ ದೂರ ಸರಿಯಿರಿ. ಊರ ಹತ್ತಿರ ಆನೆ, ಕರಡಿ ಬಂದರೆ ನೋಡಲು ಓಡದೆ ಅರಣ್ಯ ಇಲಾಖೆಗೆ ತಿಳಿಸಿ, ತುರ್ತಿದ್ದರೆ 112ಕ್ಕೆ ಫೋನ್ ಮಾಡಿ.

ನಿಮ್ಮವರು ಯಾರಾದರೂ ಇಳಿಯಲು ಬಾಗಿಲಿಗೆ ಕೈ ಹಾಕಿದರೆ, ತೋಳು ಹಿಡಿದು ಕೂರಿಸಿ. ಸಿಟ್ಟಾಗಲಿ, ಬೈಯಲಿ, ಬಿಡಬೇಡಿ. ಸಿಟ್ಟಾದವರು ಸಂಜೆಗೆ ನಿಮ್ಮ ಪಕ್ಕದಲ್ಲೇ ಊಟಕ್ಕೆ ಕೂರುತ್ತಾರೆ.